ಗೆರೆ ದಾಟಿದ ಮೇಲೆ ಮುಟ್ಟಿದ ಚೆಂಡು

ನಂದು ಭಾನುವಾರ ಬೆಳಿಗ್ಗೆ ತೀರಿಕೊಂಡ. ಲಾಂಡ್ರಿಯ ಹಿತ್ತಲಲ್ಲಿ, ಒಣಹಾಕಿದ ಚಾದರಗಳ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಿದ್ದವನು ಕೂತಂತೆಯೇ ಹೋದ. ಹೃದಯ ನಿಂತಿದೆ ಎಂದರು ಡಾಕ್ಟರು. ಅವನ ಎಡಗಾಲಲ್ಲಿ ಚಪ್ಪಲಿ ಇತ್ತು, ಬಲಗಾಲು ಬರಿದಾಗಿತ್ತು. ನೋಡಲು ಬಂದವರೆಲ್ಲ ಅಳುವುದಕ್ಕೂ ಮೊದಲು ಕೇಳಿದ್ದು ಇನ್ನೊಂದು ಚಪ್ಪಲಿ ಎಲ್ಲಿ ಎಂದೇ. ಅದನ್ನು ಕೊನೆಗೆ ಹೇಳುತ್ತೇನೆ.

ನಂದು ಅವನ ಹೆಸರಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಕ್ಲಬ್ಬಿನ ಕರಾರಿನಲ್ಲಿ, ಮದುವೆಯ ಕರೆಯೋಲೆಯಲ್ಲಿ, ಈಗ ಆಸ್ಪತ್ರೆಯ ಚೀಟಿಯಲ್ಲಿ ಇದೆ. ಆ ಮೂರು ಕಡೆ ಬಿಟ್ಟರೆ ಯಾರೂ ಅದನ್ನು ಬಳಸಿದ್ದು ನನಗೆ ಗೊತ್ತಿಲ್ಲ. ಫುಟ್ಬಾಲಿನಲ್ಲಿ ಒಂದೇ ಚೆಂಡಿಗೆ ಒಂದೇ ತಂಡದ ಇಬ್ಬರು ಓಡಿ ತಲೆಗೆ ತಲೆ ಗುದ್ದಿಕೊಳ್ಳಬಾರದೆಂದು ಒಬ್ಬ 'ನಂದು' ಎಂದು ಕೂಗುತ್ತಾನೆ, ಇನ್ನೊಬ್ಬ ಬಿಟ್ಟುಕೊಡುತ್ತಾನೆ. ನಾವೆಲ್ಲ ಬೇಕಾದಾಗ ಕೂಗುತ್ತಿದ್ದೆವು, ಅವನು ಸದಾ ಕೂಗುತ್ತಿದ್ದ. ಚೆಂಡು ಮೈದಾನದ ಆ ತುದಿಯಲ್ಲಿ ನಮ್ಮ ಗೋಲ್‌ಕೀಪರನ ಕೈಯೊಳಗೆ ಇದ್ದರೂ ಈ ತುದಿಯಿಂದ 'ನಂದು!' ಬಸ್ಸಿನ ಕಿಟಕಿ ಸೀಟು ನಂದು, ಬುಟ್ಟಿಯ ಕೊನೆಯ ಬಾಳೆಹಣ್ಣು ನಂದು, ಸ್ನಾನದ ಮನೆಯಲ್ಲಿ ಬಿಸಿನೀರು ಬರುವ ಒಂದೇ ಒಂದು ನಲ್ಲಿ ನಂದು. ಅವನು ಸುಲಭದ ಗೋಲು ತಪ್ಪಿಸಿದ ದಿನ ಎದುರಾಳಿಗಳ ಕಡೆಯ ಜನ 'ನಂದು ನಂದಿತು, ನಂದು ನಂದಿತು' ಎಂದು ಚಪ್ಪಾಳೆ ತಟ್ಟಿ ಹಾಡುತ್ತಿದ್ದರು. 'ಎಷ್ಟು ಚೆನ್ನಾಗಿ ಪ್ರಾಸ ಹಾಕಿದಾರೆ ನೋಡು' ಎಂದು ಅವನೇ ತಲೆದೂಗುತ್ತಿದ್ದ. ಇವತ್ತು ಆ ಪ್ರಾಸ ನನಗೆ ಬೇಡ.

ಅವನು ನಮ್ಮ ಕ್ಲಬ್ಬಿನ ಸ್ಟ್ರೈಕರ್. ಎರಡನೇ ದರ್ಜೆಯ ಲೀಗು, ಅಷ್ಟಕ್ಕಷ್ಟೆ ಸಂಬಳ, ಅರ್ಧ ತುಂಬುವ ಗ್ಯಾಲರಿ. ನಾನು ಬಲಪಕ್ಕದಲ್ಲಿ ಆಡುತ್ತಿದ್ದೆ. ಚೆಂಡನ್ನು ಅವನ ಕಾಲ ಹತ್ತಿರಕ್ಕೆ ಮುಟ್ಟಿಸುವುದು ನನ್ನ ಕೆಲಸ, ಗೋಲಿನೊಳಗೆ ಮುಟ್ಟಿಸುವುದು ಅವನ ಕೆಲಸ. ಬಸ್ಸಿನಲ್ಲಿ ಪುಸ್ತಕ ಓದುತ್ತಿದ್ದೆನೆಂದು ನನ್ನನ್ನು ಮೇಷ್ಟ್ರು ಎನ್ನುತ್ತಿದ್ದರು. ಇಲ್ಲಿ ನನ್ನ ಬಗ್ಗೆ ಇಷ್ಟು ಸಾಕು.

ಅವನು ಹುಟ್ಟಿ ಬೆಳೆದದ್ದು, ಸತ್ತದ್ದು, ಎಲ್ಲ ಆ ಲಾಂಡ್ರಿಯಲ್ಲೇ. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಮರದ ಕಟ್ಟೆ, ಅದರ ಹಿಂದೆ ಮಡಿಸಿಟ್ಟ ಬಟ್ಟೆಗಳ ಕಪಾಟು. ಅದನ್ನು ದಾಟಿದರೆ ಉಗಿ ತುಂಬಿದ ಒಗೆಯುವ ಕೋಣೆ. ಅಲ್ಲಿ ಗೋಡೆಯ ಸುಣ್ಣ ವರ್ಷಕ್ಕೊಮ್ಮೆ ಹೊಪ್ಪಳೆ ಏಳುತ್ತಿತ್ತು. ಅದರಾಚೆ ಹಿತ್ತಲು, ತಂತಿಗಳು, ಆಸ್ಪತ್ರೆಯ ಮತ್ತು ಪಕ್ಕದ ಬೀದಿಯ ವಸತಿಗೃಹಗಳ ಚಾದರಗಳು. ಅಪ್ಪ ಬೇಗ ಹೋಗಿದ್ದರಿಂದ ಅಂಗಡಿ ಅಮ್ಮನದು. ಆಕೆ ಮೇಲಕ್ಕೆ ನೋಡದೆ ಉಗಿಯ ವಾಸನೆಯಿಂದಲೇ ಇವತ್ತು ಮೋಡ ಇದೆಯೋ ಬಿಸಿಲಿದೆಯೋ ಹೇಳುತ್ತಿದ್ದಳಂತೆ. ಅವಳ ಮಗ ಹೇಳಿದ ಮಾತು, ಅರ್ಧಕ್ಕೆ ಇಳಿಸಿಕೊಂಡು ನಂಬಬೇಕು.

ಹಿತ್ತಲೇ ಅವನ ಮೊದಲ ಮೈದಾನ. ಎರಡು ಚಾದರಗಳ ನಡುವೆ ಇರುವ ಸಂದು ಅವನ ಗೋಲು. ಚೆಂಡು ಚಾದರಕ್ಕೆ ತಾಗಿ ಮಣ್ಣು ಮೆತ್ತಿದರೆ ಅದನ್ನು ಅವನೇ ಮತ್ತೆ ಒಗೆದು, ಹಿಂಡಿ, ಒಣಹಾಕಬೇಕು, ಅದೂ ಊಟಕ್ಕೆ ಮೊದಲು. ಹೀಗಾಗಿ ಅವನು ಬಿರುಸಾಗಿ ಹೊಡೆಯುವುದನ್ನು ಕಲಿಯಲೇ ಇಲ್ಲ. ಸಂದು ಎಲ್ಲಿ ಬಿಡುತ್ತದೆ ಎಂದು ಕಾದು, ಗಾಳಿಗೆ ಚಾದರ ಸರಿದ ಕ್ಷಣ ಚೆಂಡನ್ನು ಮೆಲ್ಲಗೆ ದಾಟಿಸಿಬಿಡುವುದನ್ನು ಕಲಿತ. ಮುಂದೆ ಅನ್ನ ಕೊಟ್ಟಿದ್ದು ಅದೇ ವಿದ್ಯೆ. ನಮ್ಮ ಕೋಚ್ ಮೊದಲ ವಾರವೇ ತಲೆ ಚಚ್ಚಿಕೊಂಡರು.

'ಏನೋ ಇದು? ಚೆಂಡನ್ನ ಹೊಡೀತಿದೀಯೋ, ಜೋಗುಳ ಹಾಡಿ ಮಲಗಿಸ್ತಿದೀಯೋ?'

'ಗೋಲಾಯ್ತಲ್ಲ ಸಾರ್.'

'ಆಯ್ತು. ಬಲೆಗೇ ಗೊತ್ತಾಗಿಲ್ಲ, ಅಷ್ಟೆ.'

ಆ ಕಟ್ಟೆಯ ವಿಚಾರವನ್ನೂ ಹೇಳಬೇಕು. ಒಗೆದ ಬಟ್ಟೆಯನ್ನು ಅಮ್ಮ ಒಂದೊಂದಾಗಿ ಎತ್ತಿ ಹಿಡಿದು 'ಇದು ಯಾರ್ದು?' ಎಂದು ಕೂಗುತ್ತಿದ್ದಳು. ಬಾಗಿಲಲ್ಲಿ ನಿಂತವರಲ್ಲಿ ಒಬ್ಬರು 'ನಂದು' ಎನ್ನುತ್ತಿದ್ದರು. ಅಮ್ಮ ಕಾಲರಿನ ಒಳಗೆ ಹೊಲಿದ ಬಣ್ಣದ ದಾರದ ಗುರುತನ್ನು ಒಮ್ಮೆ ನೋಡಿ ಕೊಟ್ಟುಬಿಡುತ್ತಿದ್ದಳು. ತೊಟ್ಟಿಲಲ್ಲಿ ಮಲಗಿದ್ದಾಗಿನಿಂದ ಅವನು ಕೇಳಿದ್ದು ಈ ಎರಡು ಮಾತು. ಬೇರೆ ಮಕ್ಕಳು ಮೊದಲು ಅಮ್ಮ ಅನ್ನುತ್ತವೆ, ಇವನು ಮೊದಲು ನಂದು ಅಂದನಂತೆ.

ಕಪಾಟಿನ ಮೇಲಿನ ಅರೆಯಲ್ಲಿ ಯಾರೂ ಕೇಳಿ ಬರದ ಒಂದು ನೀಲಿ ಸ್ವೆಟರು ಬಹಳ ದಿನದಿಂದ ಇತ್ತು. ಅವನು ಒಂದು ಚಳಿಗಾಲ ಅದನ್ನು ಹಾಕಿಕೊಂಡು ಶಾಲೆಗೆ ಹೋದ. ಗೆಳೆಯರು ಕೇಳಿದ್ದಕ್ಕೆ ನಂದು ಎಂದ. ದಾರಿಯಲ್ಲಿ ಗಡಿಯಾರ ರಿಪೇರಿಯವನು ಅಂಗಡಿಯಿಂದ ತಲೆ ಹೊರಗೆ ಹಾಕಿ, 'ನನಗಿಂತ ನಿನಗೇ ಚೆನ್ನಾಗಿ ಒಪ್ಪುತ್ತೆ ಕಣೋ' ಅಂದ. ಸ್ವೆಟರು ಅವನದು, ಮರೆತುಹೋಗಿತ್ತು. ಅವನು ಬೈಯಲಿಲ್ಲ, ವಾಪಸ್ಸೂ ಕೇಳಲಿಲ್ಲ. ಅಮ್ಮ ಮಾತ್ರ ಅದನ್ನು ಮಗನ ಮೈಯಿಂದ ತೆಗೆಸಿ, ಅವನ ಕೈಯಲ್ಲೇ ಒಗೆಸಿ, ಅವನ ಕೈಯಲ್ಲೇ ಕೊಡಿಸಿದಳು. ಆಮೇಲೆ ಹೇಳಿದಳು: 'ನಂದು ಅನ್ನೋ ಮಾತಿನ ಮೇಲೆ ನಿಂತಿದೆ ಕಣೋ ಈ ಅಂಗಡಿ. ಅದನ್ನ ಸುಳ್ಳಿಗೆ ಆಡಿದ್ರೆ ನಾಳೆ ಒಬ್ಬರೂ ಬಟ್ಟೆ ತಂದು ಹಾಕಲ್ಲ.' ಇದನ್ನು ಅವನೇ ನನಗೆ ನೂರು ಸಲ ಹೇಳಿದ್ದ, ಪ್ರತಿ ಸಲವೂ ಸ್ವೆಟರಿನ ಬಣ್ಣ ಎಷ್ಟು ಚೆನ್ನಾಗಿತ್ತು ಎಂಬಲ್ಲಿಗೆ ಮುಗಿಸುತ್ತಿದ್ದ.

ನಮಗಾಗ ಅದರ ಅರ್ಥ ಹೊಳೆದಿರಲಿಲ್ಲ. ನಮ್ಮ ಕಣ್ಣಿಗೆ ಅವನು ಶುದ್ಧ ಗೋಲುಬಾಕ. ಯಾರೋ ಹೊಡೆದ ಚೆಂಡು ಅವನ ಬೆನ್ನಿಗೆ ಬಡಿದು ಒಳಗೆ ಹೋದರೆ, ಬೆನ್ನುಜ್ಜಿಕೊಳ್ಳುತ್ತಲೇ ಎರಡೂ ಕೈ ಎತ್ತಿ 'ನಂದು!' ಮಂಡಿಗೆ ತಾಗಿದ್ದು, ಸೊಂಟಕ್ಕೆ ತಾಗಿದ್ದು, ಬಿದ್ದುಕೊಂಡಿದ್ದಾಗ ಹಿಮ್ಮಡಿಗೆ ತಾಗಿದ್ದು, ಯಾವುದನ್ನೂ ಬಿಟ್ಟವನಲ್ಲ. ಒಮ್ಮೆ ನಾನು ಪಕ್ಕದಿಂದ ಎತ್ತಿ ಹೊಡೆದ ಚೆಂಡು ತಿರುಗಿಕೊಂಡು ನೇರ ಬಲೆಗೆ ಬಿತ್ತು. ಜನ್ಮದಲ್ಲಿ ಒಮ್ಮೆ ಬರುವಂಥದ್ದು. ಕುಣಿಯುತ್ತ ತಿರುಗಿದರೆ ಇವನಾಗಲೇ ಗ್ಯಾಲರಿಯ ಕಡೆ ಕೈ ಬೀಸುತ್ತಿದ್ದ. ಬಟ್ಟೆ ಬದಲಿಸುವ ಕೋಣೆಯಲ್ಲಿ ಹಿಡಿದುಕೊಂಡೆ.

'ಲೋ, ಅದು ನಂದು. ನೇರ ಒಳಗೆ ಹೋಯ್ತು.'

'ನೇರ ಎಲ್ಲಿ ಹೋಯ್ತು ಮೇಷ್ಟ್ರೇ? ನನ್ನ ಕಿವಿ ಸವರಿಕೊಂಡು ಹೋಯ್ತು.'

'ಕಿವೀನಾ?'

'ನೋಡು ಬೇಕಾದ್ರೆ, ಕೆಂಪಗಾಗಿದೆ.'

'ನಿನ್ನ ಎರಡು ಕಿವೀನೂ ಕೆಂಪಗಿದೆ.'

'ಹಾಗಾದ್ರೆ ಎರಡನ್ನೂ ಸವರಿರಬೇಕು.'

ಆ ಕೋಣೆಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ಗೋಡೆ. ಅವನು ನಮ್ಮ ಡಿಫೆಂಡರ್, ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬರುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಗೋಡೆಗೆ ಒಂದೇ ಕೊರಗು. ವರ್ಷಗಟ್ಟಲೆ ಆಡಿದರೂ ಒಂದು ಗೋಲನ್ನೂ ಹೊಡೆದವನಲ್ಲ. ಅವನ ಮಾವ ಪ್ರತಿ ಭಾನುವಾರ ಊಟದ ಮೇಜಿನಲ್ಲಿ ಎಲ್ಲರೆದುರು 'ಅಳಿಯಂದ್ರೇ, ಈ ವಾರನಾದ್ರೂ?' ಎಂದು ಕೇಳುತ್ತಿದ್ದರು. 'ಇಲ್ಲ ಮಾವ' ಎಂದು ಅವನು ತಟ್ಟೆಯೊಳಗೆ ತಲೆ ಹಾಕುತ್ತಿದ್ದ. 'ಇರ್ಲಿ ಬಿಡಿ, ಬಡಿಸಮ್ಮ' ಎನ್ನುತ್ತಿದ್ದರು ಮಾವ, ಗೋಲು ಹೊಡೆಯದವನಿಗೂ ಊಟ ಹಾಕುತ್ತೇವೆ ಎಂಬ ದನಿಯಲ್ಲಿ. ನಂದುವನ್ನು ನಮ್ಮೆಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡವನೂ ಗೋಡೆಯೇ. 'ನೀವೆಲ್ಲ ಅವನನ್ನ ಆಸೆಬುರುಕ ಅಂತೀರಿ. ಅವನು ಲಾಂಡ್ರಿ ಮಗ ಕಣ್ರೋ. ದಾರದ ಗುರುತು ನೋಡದೆ ಬಟ್ಟೆ ಎತ್ತಲ್ಲ' ಎಂದ. ಗಮನಿಸಿ ನೋಡಿದ ಮೇಲೆ ನನಗೂ ನಿಜವೆನಿಸಿತು. ಕೂದಲೆಳೆಯಷ್ಟು ತಾಗಿದ್ದಕ್ಕೂ ಊರೆಲ್ಲ ಕೇಳುವಂತೆ ಕೂಗುತ್ತಿದ್ದನೇ ಹೊರತು ತಾಗದೇ ಇದ್ದದ್ದಕ್ಕೆ ಅವನು ಕೂಗಿದ್ದಿಲ್ಲ. ನನ್ನ ಆ ಗೋಲನ್ನು ಈಗ ಕಿವಿಗೆ ಬಿಟ್ಟುಕೊಟ್ಟಿದ್ದೇನೆ.

ಅವನ ಕೂಗಿನಿಂದ ಒಮ್ಮೆ ಫಜೀತಿಯೂ ಆಯಿತು. ಎದುರಾಳಿಗಳ ಗೋಲಿನ ಬಳಿ ಅವನು ಅಭ್ಯಾಸಬಲದಿಂದ 'ನಂದು!' ಎಂದಾಗ, ಅವರ ಡಿಫೆಂಡರ್ ತನ್ನ ಗೋಲ್‌ಕೀಪರೇ ಕೂಗಿದನೆಂದು ತಿಳಿದು ಚೆಂಡನ್ನು ಸಭ್ಯವಾಗಿ ಬಿಟ್ಟು ನಿಂತ. ಇವನು ಅದನ್ನು ಅಷ್ಟೇ ಸಭ್ಯವಾಗಿ ಒಳಗೆ ಮಲಗಿಸಿದ. ನಮ್ಮ ಲೀಗಿನ ಬಹುಪಾಲು ಪಂದ್ಯಗಳನ್ನು ಆಡಿಸುತ್ತಿದ್ದ ಬೋಳುತಲೆಯ ರೆಫರಿ ಓಡಿಬಂದು ಗೋಲನ್ನು ಕಿತ್ತುಹಾಕಿ, ಹಳದಿ ಕಾರ್ಡು ತೋರಿಸಿದರು. 'ಮೋಸ ಸಾರ್ ಇದು, ನಾನು ನಿಜಾನೇ ಹೇಳಿದ್ದು' ಎಂದು ಇವನ ವಾದ.

ಮೈದಾನದ ಗೇಟಿನ ಮೇಲೆ ಒಂದು ತಗಡಿನ ಬೋರ್ಡಿತ್ತು, ಈಗಲೂ ಇದೆ. ಕ್ಲಬ್ಬಿಗೆ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದವನ ಹೆಸರು, ಪಕ್ಕದಲ್ಲಿ ಸಂಖ್ಯೆ: ನೂರ ಹದಿನೆಂಟು. ಆ ಹೆಸರಿನ ಮನುಷ್ಯ ನಮ್ಮ ಕಣ್ಣೆದುರೇ ಇದ್ದ. ಆಟ ಬಿಟ್ಟ ಮೇಲೆ ಅದೇ ಮೈದಾನದಲ್ಲಿ ಹುಲ್ಲು ಕತ್ತರಿಸುತ್ತ, ಸುಣ್ಣದಲ್ಲಿ ಗೆರೆ ಎಳೆಯುತ್ತ ಇದ್ದ ಅವನನ್ನು ಎಲ್ಲರೂ ಹಿರಿಯ ಎನ್ನುತ್ತಿದ್ದೆವು. ಬಾಯಿ ಬಿಟ್ಟರೆ ಬೆಂಕಿ. ನಂದು ಸೇರಿದ ಮೊದಲ ದಿನ ಹಸಿ ಗೆರೆಯ ಮೇಲೆ ಕಾಲಿಟ್ಟು ಬೈಸಿಕೊಂಡ. ಬೈಗುಳ ಮುಗಿದ ಮೇಲೆ ಬೋರ್ಡಿನ ಕಡೆ ಕೈ ತೋರಿಸಿ, 'ಅದರಲ್ಲಿ ಹೆಸರು ಬರೋಕೆ ಏನು ಮಾಡಬೇಕು?' ಎಂದು ಕೇಳಿದ.

ಹಿರಿಯ ಸುಣ್ಣದ ಬಕೀಟು ಕೆಳಗಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿದ. 'ನನ್ನ ಸಂಖ್ಯೆ ದಾಟು. ದಾಟಿದ ದಿನ ನಾನೇ ಏಣಿ ಹತ್ತಿ ನಿನ್ನ ಹೆಸರು ಬರೀತೀನಿ. ಏಣಿ ಹಿಡ್ಕೊಳ್ಳೋಕೆ ನೀನೇ ಬರಬೇಕು, ಬೇರೆಯವರನ್ನ ನಾನು ನಂಬಲ್ಲ.'

ಅವನು ಇದನ್ನು ಮನೆಗೆ ಹೋಗಿ ಅಮ್ಮನಿಗೆ ಹೇಳಿದ. ಮಗನ ಒಂದು ಆಟವನ್ನೂ ನೋಡದ ಅಮ್ಮ, ಆಟದ ದಿನಗಳೇ ಅಂಗಡಿಗೆ ಜನ ಬರುವ ದಿನಗಳಾದ್ದರಿಂದ, ಇಸ್ತ್ರಿ ಎತ್ತದೆಯೇ ಹೇಳಿದಳಂತೆ: 'ಅದಾಗೋ ಹೊತ್ತಿಗೆ ತಿಳಿಸು. ಅಂಗಡಿ ಮುಚ್ಚಿ ಬರ್ತೀನಿ.' ಆ ಅಂಗಡಿ ಕೆಲಸದ ದಿನ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಅಂದಿನಿಂದ ಅವನಿಗೆ ಬೇಕಾಗಿದ್ದು ಅದೊಂದೇ. ಮೇಲಿನ ದರ್ಜೆಯ ಒಂದು ಕ್ಲಬ್ಬು ಕರೆದಾಗಲೂ ಹೋಗಲಿಲ್ಲ. 'ಅಲ್ಲಿ ಹೋದ್ರೆ ಮತ್ತೆ ಒಂದರಿಂದ ಶುರು ಮಾಡಬೇಕಲ್ಲ' ಎಂದ.

ಮದುವೆಯ ಕಥೆಯೂ ಕಾಲಿನದೇ. ಮೂರನೇ ವರ್ಷ ಅವನ ಮುಂಗಾಲಿನ ಮೂಳೆ ಮುರಿಯಿತು. ಆಸ್ಪತ್ರೆಯ ವರಾಂಡದಲ್ಲಿ ನಾವು ಏಳೆಂಟು ಜನ ಕಾಯುತ್ತಿದ್ದೆವು. ಎಕ್ಸ್‌ರೇ ಕೋಣೆಯಿಂದ ಒಬ್ಬ ಹುಡುಗಿ ಒದ್ದೆ ಫಿಲ್ಮನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಬಾಗಿಲಿಗೆ ಬಂದು ಕೂಗಿದಳು: 'ಈ ಕಾಲು ಯಾರ್ದು?'

'ನಂದು!' ಎಂದ ಇವನು, ಗೋಲು ಹೊಡೆದವನ ಹಾಗೆ ಕೈಯೆತ್ತಿ.

'ಮುರಿದ ಕಾಲನ್ನ ಅಷ್ಟು ಖುಷಿಯಿಂದ ನಂದು ಅಂದೋರನ್ನ ನಾನು ಅಲ್ಲೀವರೆಗೂ ನೋಡಿರ್ಲಿಲ್ಲ' ಎನ್ನುತ್ತಿದ್ದಳು ಆಕೆ, ಅವನ ಹೆಂಡತಿಯಾದ ಮೇಲೆ. ಗಂಡನ ಮುಖಕ್ಕಿಂತ ಮೊದಲು ಮೂಳೆ ನೋಡಿ ಒಪ್ಪಿದವಳು ನಾನೊಬ್ಬಳೇ ಇರಬೇಕು ಎಂದೂ ಹೇಳುತ್ತಿದ್ದಳು. ಅತ್ತೆ ಸೊಸೆ ಚೆನ್ನಾಗಿ ಹೊಂದಿಕೊಂಡರು. ಇಬ್ಬರಿಗೂ ಹೊರಗಿನ ಮಾತಿಗಿಂತ ಒಳಗಿನ ಗುರುತಿನ ಮೇಲೆ ನಂಬಿಕೆ.

ವರ್ಷಗಳು ಹೋದವು. ಮಗಳು ಹುಟ್ಟಿದಳು. ಬಲ ಮೊಣಕಾಲು ಆಟದ ಮರುದಿನ ಊದಿಕೊಳ್ಳತೊಡಗಿತು, ಆಮೇಲೆ ಆಟಕ್ಕೆ ಮುಂಚೆಯೇ ಊದಿಕೊಳ್ಳತೊಡಗಿತು. ಹೆಂಡತಿ ಅವನನ್ನು ಎಳೆದುಕೊಂಡು ಹೋಗಿ ಚಿತ್ರ ತೆಗೆದು, ಅಡುಗೆಮನೆಯ ಕಿಟಕಿಗೆ ಫಿಲ್ಮನ್ನು ಅಂಟಿಸಿದಳು. ನಾನೂ ಇದ್ದೆ, ಗೋಡೆಯೂ ಇದ್ದ.

'ನೋಡಿ. ಇದು ಮಂಡಿ ಅಲ್ಲ, ತುಕ್ಕು ಹಿಡಿದ ಬಾಗಿಲ ಕೀಲು.'

'ಒಂದಿಷ್ಟು ಎಣ್ಣೆ ಬಿಟ್ರೆ?'

'ನಗಬೇಡಿ. ಈ ಲೀಗು ಮುಗಿದ ಮೇಲೆ ಸಾಕು. ಮಗಳನ್ನ ಎತ್ಕೊಂಡು ಮೆಟ್ಟಿಲು ಹತ್ತೋಕಾದ್ರೂ ಒಂದು ಕಾಲು ಉಳಿಸ್ಕೊಳ್ಳಿ.'

ಅವನು ಫಿಲ್ಮನ್ನು ಕಿಟಕಿಯಿಂದ ಕಿತ್ತು ಸುರುಳಿ ಸುತ್ತಿದ. 'ಈ ಲೀಗು ಮುಗೀಲಿ' ಎಂದ. ಆಗ ಹಿರಿಯನಿಗಿಂತ ನಾಲ್ಕು ಗೋಲು ಹಿಂದಿದ್ದ.

ಕುಂಟುತ್ತಲೇ ಮೂರು ಹೊಡೆದ. ಕೊನೆಯ ಪಂದ್ಯಕ್ಕೆ ಹಿಂದಿನದರಲ್ಲಿ ನಾಲ್ಕನೆಯದು ಅವನ ಎದೆಗೆ ಬಡಿದು ಒಳಗೆ ಹೋಗಿ, ಹಿರಿಯನಿಗೆ ಸಮನಾದ. ಉಳಿದದ್ದು ಒಂದು ಪಂದ್ಯ, ನಮ್ಮದೇ ಮೈದಾನದಲ್ಲಿ. ಬೇಕಾದದ್ದು ಒಂದು ಗೋಲು. ಆ ದಿನ ಅಮ್ಮ ಅಂಗಡಿ ಮುಚ್ಚಿದಳು. ಬಟ್ಟೆ ತೆಗೆದುಕೊಳ್ಳಲು ಬಂದವರು ಮುಚ್ಚಿದ ಬಾಗಿಲು ನೋಡಿ, ಯಾರು ಹೋಗಿಬಿಟ್ಟರು ಎಂದು ಪಕ್ಕದ ಮನೆಯವರನ್ನು ಕೇಳಿದರಂತೆ. ಅಮ್ಮ ಸೊಸೆಯ ಪಕ್ಕ, ಗ್ಯಾಲರಿಯ ಮೊದಲ ಸಾಲಿನಲ್ಲಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆಟ ಶುರುವಾಗುವ ಮೊದಲು ನಮ್ಮ ಅಂಗಿಗಳನ್ನು ಒಂದೊಂದಾಗಿ ನೋಡಿ, 'ಇದನ್ನ ಯಾರು ಒಗೆದದ್ದು?' ಎಂದು ಮೂಗು ಮುರಿದಳು ಎಂದು ಆಮೇಲೆ ತಿಳಿಯಿತು.

ಮೊದಲರ್ಧ ಏನೂ ಆಗಲಿಲ್ಲ. ಎರಡನೇ ಅರ್ಧದಲ್ಲಿ ನಮಗೊಂದು ಕಾರ್ನರ್ ಸಿಕ್ಕಿತು. ನಾನು ಹೊಡೆದೆ. ಗೋಡೆ ಹಿಂದಿನಿಂದ ಓಡಿಬಂದು ಎಲ್ಲರ ತಲೆಗಿಂತ ಮೇಲೆ ಎದ್ದು ಹಣೆ ಕೊಟ್ಟ. ಚೆಂಡು ನೆಲಕ್ಕೆ ಬಡಿದು ಪುಟಿದು ಕಂಬದ ಒಳಬದಿಗೆ ಸಾಗಿತು. ಅದೇ ಹೊತ್ತಿಗೆ ನಂದು ಜಾರಿಕೊಂಡು ಬಂದು ಕಾಲು ಚಾಚಿದ. ಚೆಂಡು, ಕಾಲು, ಅವನು, ಎಲ್ಲ ಒಟ್ಟಿಗೆ ಬಲೆಯೊಳಗೆ.

ಗ್ಯಾಲರಿ ಎದ್ದು ನಿಂತಿತು. ನಾವೆಲ್ಲ ಅವನ ಮೇಲೆ ಬಿದ್ದೆವು. ಮೈಕಿನವನು ಅವನ ಹೆಸರನ್ನು, ನಿಜವಾದ ಹೆಸರನ್ನು, ಎಳೆದೆಳೆದು ಕೂಗಿದ. ಗೇಟಿನ ಹತ್ತಿರ ಹಿರಿಯ ಆಗಲೇ ಏಣಿ ಒರಗಿಸಿ, ಬಣ್ಣದ ಡಬ್ಬಿ ಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟಿದ್ದ. ಇಷ್ಟೆಲ್ಲದರ ನಡುವೆ ಅವನು 'ನಂದು' ಎಂದು ಕೂಗಿರಲಿಲ್ಲ ಎನ್ನುವುದು ನಮ್ಮಲ್ಲಿ ಒಬ್ಬರ ಗಮನಕ್ಕೂ ಬರಲಿಲ್ಲ.

ಅವನು ನಮ್ಮ ಕೈಗಳನ್ನು ಬಿಡಿಸಿಕೊಂಡು ಎದ್ದ. ಬಲೆಯ ಎಳೆಗಳು ಕೆನ್ನೆಗೆ ಒತ್ತಿ ಚೌಕಳಿ ಮೂಡಿತ್ತು. ಕುಂಟುತ್ತ ಸೀದಾ ಬೋಳುತಲೆಯ ರೆಫರಿಯ ಹತ್ತಿರ ಹೋದ. ನಾನೂ ಗೋಡೆಯೂ ಹಿಂದೆಯೇ ಹೋದೆವು.

'ಸಾರ್, ಅದು ನಂದಲ್ಲ.'

'ಯಾವುದು?'

'ಗೋಲು. ಗೋಡೇದು.'

'ನಿನ್ನ ಕಾಲು ತಾಗಿದ್ದು ನಾನೇ ನೋಡಿದೀನಲ್ಲ.'

'ತಾಗಿದೆ ಸಾರ್. ಗೆರೆ ದಾಟಿದ ಮೇಲೆ.'

'ಎಷ್ಟು ದಾಟಿದ ಮೇಲೆ?'

ಅವನು ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಅಂಗಿಯ ಗುಂಡಿ ಹಿಡಿಯುವಷ್ಟು ಜಾಗ ಬಿಟ್ಟು ತೋರಿಸಿದ.

ರೆಫರಿಯ ಬೋಳುತಲೆ ಕೆಂಪಾಯಿತು. 'ಲೋ, ಇಷ್ಟು ವರ್ಷ ಬೆನ್ನಿಗೆ ತಾಗಿದ್ದು, ಕಿವಿಗೆ ತಾಗಿದ್ದು, ಬರೀ ಗಾಳಿಗೆ ತಾಗಿದ್ದು, ಎಲ್ಲಾ ನಂದು ನಂದು ಅಂತ ನನ್ನ ತಲೆ ತಿಂದೆ. ನೋಡು, ಒಂದು ಕೂದಲು ಉಳಿದಿಲ್ಲ. ಇವತ್ತು ಕಾಲಿಗೆ ತಾಗಿದ್ದನ್ನ ನಂದಲ್ಲ ಅಂತೀಯಾ?'

ಗೋಡೆ ನಡುವೆ ನುಗ್ಗಿದ. 'ಇವನ ಮಾತು ಕೇಳಬೇಡಿ ಸಾರ್. ನನಗೆ ಬೇಡ ಅದು.' ಆಮೇಲೆ ಅವನ ತೋಳು ಹಿಡಿದು ಕೆಳದನಿಯಲ್ಲಿ, 'ನಂದು ಅಂತ ಹೇಳೋ. ಗೋಲು ಹೇಗಿದ್ರೂ ನಮ್ಮ ತಂಡದ್ದೇ, ಯಾರಿಗೇನು ನಷ್ಟ? ಇನ್ನೊಂದು ಸಿಗಲ್ಲ ಕಣೋ ನಿನಗೆ.'

'ಗೊತ್ತು.'

'ನಿಮ್ಮಮ್ಮ ಬಂದಿದಾರೆ ಕಣೋ.'

'ಅದಕ್ಕೇ' ಎಂದ.

ರೆಫರಿ ಜೇಬಿನಿಂದ ಚೀಟಿ ತೆಗೆದು ಅವನ ಹೆಸರು ಹೊಡೆದುಹಾಕಿ ಗೋಡೆಯದನ್ನು ಬರೆದುಕೊಂಡರು. ಮೈಕಿನವನು ಕೆಮ್ಮಿ, ತಡವರಿಸಿ, ಗೋಡೆಯ ಹೆಸರು ಹೇಳಿದ. ಗ್ಯಾಲರಿಯಲ್ಲಿ ಒಂದಿಷ್ಟು ಜನ ಚಪ್ಪಾಳೆ ತಟ್ಟಿದರು, ಒಂದಿಷ್ಟು ಜನ ಮಂಕಾಗಿ ಕೂತರು, ಯಾರೋ ಒಬ್ಬ 'ಹುಚ್ಚಾ!' ಎಂದು ಪ್ರೀತಿಯಿಂದಲೇ ಕಿರುಚಿದ. ಹಿರಿಯ ಏಣಿಯಿಂದ ಇಳಿದ. ಗೋಡೆ ತನ್ನ ಜಾಗಕ್ಕೆ ಹೋಗಿ ನಿಂತು, ಅಂಗಿಯ ತುದಿ ಎತ್ತಿ ಮುಖ ಮುಚ್ಚಿಕೊಂಡು ಅತ್ತ. ಅಷ್ಟು ದೊಡ್ಡ ಮನುಷ್ಯ ಅಳುವುದನ್ನು ನೋಡಿ ಎದುರಾಳಿಗಳ ಸ್ಟ್ರೈಕರ್ ಹೋಗಿ ಬೆನ್ನು ತಟ್ಟಿದ.

ಇನ್ನೂ ಆಟ ಉಳಿದಿತ್ತು. ನಾನು ಆ ಹೊತ್ತಿನಲ್ಲಿ ಓಡಿದಷ್ಟು ಜೀವಮಾನದಲ್ಲಿ ಓಡಿಲ್ಲ. ಕೊನೆಗೊಮ್ಮೆ ಇಬ್ಬರ ನಡುವೆ ಸಂದು ಕಂಡಿತು, ಚೆಂಡನ್ನು ತಳ್ಳಿದೆ. ಸಂದು ಬಿಡುತ್ತದೆಂದು ನನಗಿಂತ ಮೊದಲೇ ತಿಳಿದವನಂತೆ ಅವನು ಅಲ್ಲಿದ್ದ. ಗೋಲ್‌ಕೀಪರ್ ಬಿದ್ದಿದ್ದ. ಗೋಲು ಬರಿದಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಬಲೆ ಹರಿಯುವಂತೆ ಹೊಡೆಯುತ್ತಿದ್ದರು. ಅವನು ತನ್ನ ರೀತಿಯಲ್ಲಿ, ಚಾದರಕ್ಕೆ ಮಣ್ಣು ತಾಗದ ಹಾಗೆ, ಮೆಲ್ಲಗೆ ಕಳಿಸಿದ. ಚೆಂಡು ಉರುಳಿತು, ಉರುಳಿತು, ಹುಲ್ಲು ಅದನ್ನು ಹಿಡಿದುಕೊಂಡಿತು. ಅವರ ಡಿಫೆಂಡರ್ ಹಿಂದಿನಿಂದ ಓಡಿಬಂದು ಗೆರೆಯ ಮೇಲಿಂದ ಹೊರಗೆ ಒದ್ದ. ಅವನು ಮತ್ತೆ ಓಡಲು ತಿರುಗಿದ. ಮೊಣಕಾಲು ಒಪ್ಪಲಿಲ್ಲ. ಸುಣ್ಣದ ಗೆರೆಯ ಮೇಲೆ ಕೂತುಬಿಟ್ಟ.

ಪಂದ್ಯ ಮುಗಿದ ಮೇಲೆ ಗೇಟಿನ ಬಳಿ ನಿಂತಿದ್ದೆವು. ಹೆಂಡತಿಯ ಕಣ್ಣು ಕೆಂಪಾಗಿತ್ತು. ಅಮ್ಮನಿಗೆ ಏನಾಯಿತೆಂದೇ ಪೂರ್ತಿ ತಿಳಿದಿರಲಿಲ್ಲ. 'ಗೆದ್ದಿದೀರಿ ತಾನೆ? ಎಲ್ಲರೂ ಯಾಕೆ ಹೀಗಿದೀರಿ?' ಎಂದಳು.

'ಅತ್ತೆ, ಇವರು ನಂದು ಅಂತ ಒಂದು ಮಾತು ಹೇಳಿದ್ರೆ ಅಲ್ಲಿ ಹೆಸರು ಬರ್ತಿತ್ತು' ಎಂದು ಸೊಸೆ ಬೋರ್ಡು ತೋರಿಸಿದಳು.

'ಅವಂದಾ ಅದು?'

'ಅಲ್ವಂತೆ.'

ಅಮ್ಮ ಬೋರ್ಡನ್ನು ನೋಡಿದಳು, ಮಗನನ್ನು ನೋಡಿದಳು. 'ಮತ್ತೆ? ಯಾರದೋ ಸ್ವೆಟರು ಹಾಕ್ಕೊಂಡು ಊರೆಲ್ಲ ತಿರುಗೋಕಾಗುತ್ತಾ?' ಎಂದಳು. ಅವನ ಕೆನ್ನೆಯ ಮೇಲೆ ಬಲೆ ಒತ್ತಿದ ಗುರುತನ್ನು ಬೆರಳಿಂದ ಸವರಿ, ಸುಕ್ಕು ತೆಗೆಯುವವಳ ಹಾಗೆ ಒತ್ತಿ ಸರಿಮಾಡಿದಳು. 'ನಡೀರಿ, ಚಾದರ ಒಳಗೆ ತಗೋಬೇಕು.'

ಹಿರಿಯ ಮರುದಿನ ಬೆಳಿಗ್ಗೆ ಲಾಂಡ್ರಿಗೆ ಬಂದು, 'ಏಣಿ ಹಿಡ್ಕೊಳ್ಳೋಕೆ ಬಾ' ಎಂದ. ತನ್ನ ಹೆಸರಿನ ಕೆಳಗೆ, ಸ್ವಲ್ಪ ಚಿಕ್ಕ ಅಕ್ಷರದಲ್ಲಿ, ಅವನ ಹೆಸರು ಬರೆದು, ಅದೇ ಸಂಖ್ಯೆ ಹಾಕಿದ. 'ಸಮ ಅಂದ್ರೆ ಸಮ. ಆದ್ರೆ ಮೇಲಿರೋನು ನಾನು, ಮರೀಬೇಡ' ಎಂದ. ಅಮ್ಮ ಆ ವಾರವೇ ಹೋಗಿ ನೋಡಿಕೊಂಡು ಬಂದು, ಎರಡನೇ ಸಾಲು ಸೊಟ್ಟಗಿದೆ ಎಂದಳು. ನಿಜವೇ, ಸೊಟ್ಟಗಿದೆ. ಅತ್ತ ಗೋಡೆಯ ಮಾವ ಮುಂದಿನ ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಊಟಕ್ಕೆ ಕೂತು, ಅಳಿಯನ ತಟ್ಟೆಗೆ ತಾವೇ ಬಡಿಸಿದರು.

ಆಮೇಲೆ ಅವನು ಬಹುಕಾಲ ಬದುಕಿದ, ಸುಖವಾಗಿಯೇ. ಅಮ್ಮನ ಕಟ್ಟೆಯ ಹಿಂದೆ ನಿಂತ. ಇಸ್ತ್ರಿ ಅವನಿಗೆ ಕೊನೆಯವರೆಗೂ ಒಲಿಯಲಿಲ್ಲ, ಬಿಸಿ ಹೆಚ್ಚಾಗಿ ಕಾಲರುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಬಟ್ಟೆ ಎತ್ತಿ ಹಿಡಿದು 'ಇದು ಯಾರ್ದು?' ಎಂದು ಅವನು ಕೂಗಿದರೆ ಮೂರು ಬೀದಿಗೆ ಕೇಳುತ್ತಿತ್ತು. ಆ ಹಳೆಯ ಉತ್ತರ ಈಗ ಬೇರೆಯವರ ಬಾಯಲ್ಲಿ ಬರುತ್ತಿತ್ತು. ಅವನ ಬಾಯಲ್ಲಿ ನಾನು ಕೇಳಿದ್ದು ನೆನಪಿಲ್ಲ. ಕೊನೆಯ ಬಾಳೆಹಣ್ಣನ್ನೂ ಮಗಳಿಗೆ ಬಿಡುತ್ತಿದ್ದ.

ಗೋಡೆ ಪ್ರತಿ ಭಾನುವಾರ ಬೆಳಿಗ್ಗೆ ಹಿತ್ತಲಿಗೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದ. ಇಬ್ಬರಿಗೂ ತಲೆ ಬೆಳ್ಳಗಾಗುವವರೆಗೆ ಒಂದೇ ಜಗಳ.

'ನಿಂದು ಕಣೋ ಅದು. ನನ್ನ ಹಣೆಗೆ ಸರಿಯಾಗಿ ತಾಗೇ ಇರ್ಲಿಲ್ಲ.'

'ತಾಗಿದ್ದು ಸದ್ದು ಕೇಳಿಸ್ತು ನನಗೆ. ತೆಂಗಿನಕಾಯಿ ಒಡೆದಂಗೆ. ನಿಂದೇ.'

'ನಿಂದು.'

'ನಿಂದು ಅಂದ್ನಲ್ಲ.'

'ಆಸ್ತಿ ಬೇಕು ಅಂತ ಜಗಳ ಆಡೋರನ್ನ ನೋಡಿದೀನಿ, ಬೇಡ ಅಂತ ಆಡೋರನ್ನ ಈ ಹಿತ್ತಲಲ್ಲೇ ನೋಡಿದ್ದು' ಎನ್ನುತ್ತ ಹೆಂಡತಿ ಟೀ ಇಟ್ಟು ಹೋಗುತ್ತಿದ್ದಳು.

ನಾನು ಒಮ್ಮೆ ಮಾತ್ರ ಅವನನ್ನು ಕೇಳಿದೆ. ಇಬ್ಬರೂ ಒಂದು ದೊಡ್ಡ ಚಾದರ ಮಡಿಸುತ್ತಿದ್ದೆವು. ಅವನು ಆ ತುದಿ, ನಾನು ಈ ತುದಿ. 'ಬೇಜಾರಿಲ್ವಾ ನಿನಗೆ?'

'ಇದೆ. ಯಾಕಿರಲ್ಲ? ದಿನಾ ಆ ಬೋರ್ಡಿನ ಕೆಳಗೇ ಹೋಗ್ತೀನಿ. ದಿನಾ ಇನ್ನೊಂದು ಬೇಕು ಅನ್ಸುತ್ತೆ.'

'ಮತ್ತೆ?'

ಅವನು ಚಾದರದೊಡನೆ ಹತ್ತಿರ ಬಂದು ತನ್ನ ಎರಡು ಮೂಲೆಗಳನ್ನು ನನ್ನ ಕೈಗೆ ಕೊಟ್ಟ. 'ಬೇಕು ಅನ್ಸೋದು ಬೇರೆ, ನಂದು ಅನ್ನೋದು ಬೇರೆ ಮೇಷ್ಟ್ರೇ. ಮೂಲೆ ಸರಿಯಾಗಿ ಹಿಡ್ಕೋ, ನೆಲಕ್ಕೆ ತಾಗುತ್ತೆ.'

ಇನ್ನು ಆ ಚಪ್ಪಲಿ. ಇದನ್ನು ನನಗೆ ಹೇಳಿದವನು ಗೋಡೆ. ಭಾನುವಾರ ಬೆಳಿಗ್ಗೆ ಮಗಳು ಚಾದರಗಳನ್ನು ಒಣಹಾಕಿ ಒಳಗೆ ಹೋಗಿದ್ದಳು. ಇಬ್ಬರೂ ಬೆಂಚಿನ ಮೇಲೆ ಕೂತು ಜಗಳ ಶುರು ಮಾಡಿದ್ದರು. ಹಿತ್ತಲ ಕಾಂಪೌಂಡಿನ ಆಚೆ ಓಣಿಯಲ್ಲಿ ಹುಡುಗಿಯರು ಆಡುತ್ತಿದ್ದರು. ಅವರ ಚೆಂಡು ಮೇಲೆದ್ದು, ಕಾಂಪೌಂಡು ದಾಟಿ, ಚಾದರಗಳ ಈಚೆ ಬಿದ್ದು ಪುಟಿಯಿತು. ಗೋಡೆ ಮಂಡಿ ಹಿಡಿದುಕೊಂಡು ಏಳುವಷ್ಟರಲ್ಲಿ ನಂದು ಎದ್ದಾಗಿತ್ತು. ಎರಡು ಚಾದರಗಳ ಸಂದಿಗೆ ಎದುರಾಗಿ ನಿಂತು, ಗಾಳಿಗೆ ಅವು ಸರಿಯಲೆಂದು ಕಾದ. ಸರಿದವು. ಚೆಂಡು ಇನ್ನೊಮ್ಮೆ ಪುಟಿದು ಮೇಲೇಳುತ್ತಿದ್ದಂತೆ ಬಲಗಾಲು ಬೀಸಿದ. ಜೀವಮಾನದಲ್ಲಿ ಹೊಡೆಯದಷ್ಟು ಬಿರುಸಾಗಿ ಹೊಡೆದ. ಚೆಂಡು ಸಂದಿಯಲ್ಲಿ ತೂರಿ, ಒಂದು ಚಾದರಕ್ಕೂ ತಾಗದೆ, ಕಾಂಪೌಂಡಿನ ಮೇಲಿಂದ ಓಣಿಗೆ ಹೋಯಿತು. ಅದರ ಹಿಂದೆಯೇ ಬಲಗಾಲ ಚಪ್ಪಲಿಯೂ ಹೋಯಿತು.

'ಆವತ್ತು ಹೀಗೆ ಹೊಡೆದಿದ್ರೆ!' ಎಂದು ಗೋಡೆ ಅರಚಿದ.

ನಂದು ನಗುತ್ತ, ಒಂದೇ ಚಪ್ಪಲಿಯಲ್ಲಿ ಕುಂಟಿಕೊಂಡು ಬಂದು ಬೆಂಚಿನ ಮೇಲೆ ಕೂತ. ಏದುಸಿರು ಬಿಡುತ್ತಿದ್ದ. ಆಮೇಲೆ ಒಬ್ಬ ಹುಡುಗಿ ಆಚೆಯಿಂದ ಕೂಗಿ ಕೇಳಿದಳು: 'ಈ ಚಪ್ಪಲಿ ಯಾರ್ದು?'

ಕಾಂಪೌಂಡಿನ ಆಚೆಯವರಿಗೆ ಕಾಣುವುದಿಲ್ಲ ಎಂದು ಗೊತ್ತಿದ್ದರೂ ಅವನು ಕೈಯನ್ನು ಪೂರ್ತಿ ಮೇಲೆತ್ತಿ, ಮೈದಾನದ ಆ ತುದಿಗೂ ಕೇಳುವ ದನಿಯಲ್ಲಿ, 'ನಂದು!' ಎಂದ.